ಉಗುರಿನ ಕತ್ರಿ, ಬೂಟು, ನೆಗಡಿ

ಹೆರ್ಟಾ ಮ್ಯುಲರ್ ಅಂತ ಒಬ್ಬಾಕಿ ಲೇಖಕಿ. 1953ರಾಗ ರೊಮೇನಿಯಾದ ಜರ್ಮನ್ ಮಾತಾಡೋ ಹಳ್ಳಿಯೊಳಗ ಹುಟ್ಟಿದಾಕಿ, 2009ರಾಗ ನೊಬೆಲ್ ಸಿಕ್ತು. ಆಕಿ 1994ರ ಕಾದಂಬರಿ ‘ದಿ ಲ್ಯಾಂಡ್ ಆಫ್ ಗ್ರೀನ್ ಪ್ಲಮ್ಸ್’ ಅಂತ ಇಂಗ್ಲಿಷಿಗೆ ಬಂದದ. ಮೊನ್ನೆ ಓದಿ ಮುಗಿಸಿದೆ. ದೊಡ್ಡ ಪುಸ್ತಕ ಏನಲ್ಲ, ಆದ್ರೂ ಹದಿನೈದು ದಿವಸ ಹಿಡೀತು ನೋಡ್ರಿ. ಕವಿತಾದ್ಹಂಗ ಬರದಾಳ, ಒಂದು ಸಾಲ ಓದಿ ಸುಮ್ನ ಕೂಡಬೇಕಾಗ್ತದ.

ಚೌಶೆಸ್ಕು ಆಳೋ ಕಾಲ. ಪೋಲೀಸರು ಗಿಡದಾಗಿನ ಹಸರ ಪ್ಲಮ್ ಕಾಯಿ ಹರಕೊಂಡು ಕಿಸೆ ತುಂಬ್ಕೋತಾರ, ತಿನ್ಕೋತ ಕಾವಲ ಕಾಯ್ತಾರ. ಹಾಸ್ಟೆಲ್ಲಿನ ಒಂದೇ ಖೋಲಿಯೊಳಗ ಆರು ಹುಡುಗ್ಯಾರು. ಅದರಾಗ ಲೋಲಾ ಅನ್ನೋ ಬಡವರ ಹುಡುಗಿ ಕಪಾಟಿನಾಗ ನೇಣ ಬಿದ್ದು ಸಿಗ್ತಾಳ. ಸತ್ತ ಮ್ಯಾಲೆ ಸಭಾ ಕೂಡಿಸಿ, ಎಲ್ಲಾರ ಕಡೆ ಕೈ ಎತ್ತಿಸಿ, ಆಕಿನ್ನ ಪಾರ್ಟಿಯಿಂದ ತಗದು ಹಾಕ್ತಾರ! ಸತ್ತಾಕಿನ್ನ ತಗದು ಏನ ಮಾಡ್ತಾರಂತ ಕೇಳಬ್ಯಾಡ್ರಿ. ಕೈ ಎತ್ತಿದವರಿಗೆ ಹೆದರಿಕಿ ಹುಟ್ಟಬೇಕಲ್ಲ.

ನನ್ನ ತಲಿಯೊಳಗ ಕೂತದ್ದು ಕಾಗದದ ವಿಷಯ. ಕಥಿ ಹೇಳೋ ಹುಡುಗಿ, ಆಕಿ ಮೂರು ಮಂದಿ ಗೆಳ್ಯಾರು ನೌಕರಿಗೆ ಬ್ಯಾರೆ ಬ್ಯಾರೆ ಊರಿಗೆ ಹೋಗ್ತಾರ. ಬರದ ಕಾಗದ ಪೋಲೀಸರು ಒಡದು ಓದ್ತಾರ. ಅದಕ್ಕ ಗುರ್ತಿನ ಮಾತು ಮಾಡ್ಕೋತಾರ: ಉಗುರಿನ ಕತ್ರಿ ಅಂತ ಬರದ್ರ ವಿಚಾರಣಾಕ್ಕ ಕರದಿದ್ರು, ಬೂಟು ಅಂದ್ರ ಖೋಲಿ ಝಡತಿ ಆತು, ನೆಗಡಿ ಅಂದ್ರ ಯಾರೋ ಬೆನ್ನ ಹತ್ಯಾರ. ಒಳಗ ಒಂದು ಕೂದಲಾ ಇಡೂದು. ಅದು ಇಲ್ಲಂದ್ರ ಕಾಗದ ಒಡದಾರ ಅಂತ ತಿಳ್ಕೋಬೇಕು. ನಾವು ಅನ್ನದಾಗ ಕೂದಲಾ ಬಂದ್ರ ತಾಟು ಸರಿಸ್ತೇವಿ, ಅವರು ಕಾಗದದಾಗ ಕೂದಲಾ ಕಂಡ್ರ ಉಸಿರು ಬಿಡ್ತಾರ. ಖರೇನ ನೆಗಡಿ ಆದಾಗ ಏನಂತ ಬರೀಬೇಕೋ ಪಾಪ!

ಮ್ಯುಲರ್ ತಾನೂ ಫ್ಯಾಕ್ಟರಿಯೊಳಗ ಅನುವಾದ ಮಾಡೋ ಕೆಲಸಕ್ಕಿದ್ಲು. ಮಂದಿ ಸುದ್ದಿ ಪೋಲೀಸರಿಗೆ ಮುಟ್ಟಸಲಿಕ್ಕೆ ಒಲ್ಲೆ ಅಂದಳು, ನೌಕರಿ ಹೋತು. 1987ರಾಗ ದೇಶ ಬಿಟ್ಲು.

ತೆರೇಜಾನ ಭಾಗ ಎರಡು ಸಲ ಓದಿದೆ. ಫ್ಯಾಕ್ಟರಿಯೊಳಗಿನ ಜೀವದ ಗೆಳತಿ, ಬಗಲಾಗ ಗಂಟಾಗಿರ್ತದ. ಕಥಿ ಹೇಳೋ ಹುಡುಗಿ ಜರ್ಮನಿಗೆ ಹೋದ ಮ್ಯಾಲೆ ಭೆಟ್ಟಿಗೆ ಬರ್ತಾಳ. ಕಳಿಸಿದಾಂವ ಮಾತ್ರ ವಿಚಾರಣಾ ಮಾಡ್ತಿದ್ದ ಆ ಕ್ಯಾಪ್ಟನ್ನು! ಗೆಳತಿ ಸೂಟಕೇಸಿನಾಗ ತನ್ನ ಮನಿ ಕೀಲಿಕೈಯ ನಕಲು ಸಿಗ್ತದ. ಹೋಗು ಅಂತಾಳ. ಮುಂದ ತೆರೇಜಾ ತೀರಿಕೊಂಡ ಸುದ್ದಿ ಬರ್ತದ. ಮೋಸ ಮಾಡಿದಾಕಿ ಮ್ಯಾಲೆ ನನಗ ಸಿಟ್ಟ ಬರಲಿಲ್ಲ. ಜಡ್ಡಿನಾಕಿನ್ನ ಹಿಂಗ ಬಳಸಿದವನ ಮ್ಯಾಲೆ ಬಂತು.

ಇದನ್ನ ಹೇಳಿದ್ರ ನಮ್ಮ ವೈನಿ, “ಕಳಿಸಿದ್ದು ಬರೋಬ್ಬರಿ ಅದ. ಆದ್ರ ಜಡ್ಡಿನಾಕಿಗೆ ಬುತ್ತಿ ಕಟ್ಟಿ ಕೊಟ್ಟಳೋ ಇಲ್ಲೋ?” ಅಂದ್ರು. ಓದಿ ನೋಡ್ರಿ ಅಂತ ಪುಸ್ತಕ ಅವರ ಕೈಯಾಗ ಕೊಟ್ಟೇನಿ. ಮುಂದಿನ ಪಾಳಿ ಯಾರದು, ಈಗಲೇ ಹೇಳಿ ಇಡ್ರಿ.