ಘಟ್ಟದ ಕೆಳಗಿನ ಸಂಸಾರ

ಇಂಗ್ಲೆಂಡಿನಲ್ಲಿ ಮನೆ ಹೂಡಿದ ಅಮೆರಿಕದ ದಂಪತಿಗಳು ಹೋಟೆಲಿನಲ್ಲಿ ‘ಚಿಪ್ಸ್’ ಕೇಳಿದರೆ ಗರಿಗರಿ ಹಪ್ಪಳದಂಥದು ಬಾರದು. ಕರಿದ ಆಲೂಗೆಡ್ಡೆಯ ಬಿಸಿ ಹೋಳು ಬರುತ್ತದೆ. ನುಡಿ ಒಂದೇ, ಪೇಚಾಟ ತಪ್ಪದು. ಅಂಥ ಪೇಚಿಗೆ ಕಡಲು ದಾಟಬೇಕೆಂದೇನೂ ಇಲ್ಲ, ಘಟ್ಟ ಇಳಿದರೆ ಸಾಕು.

1956ರಲ್ಲಿ ದಕ್ಷಿಣ ಕನ್ನಡವು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಾಗೆ ಇಳಿದ ನೌಕರ ಕುಟುಂಬಗಳು ಎಷ್ಟೋ. ಮೈಸೂರಿನಿಂದ ಬಂಟ್ವಾಳಕ್ಕೆ ಬಂದ ಅಂಥ ದಂಪತಿಗಳನ್ನು ನೆರೆಮನೆಯಾಕೆ ಮೊದಲ ದಿನವೇ ಉಪಚರಿಸಿದರು: “ಬೊಂಡ ಕುಡಿಯುತ್ತೀರಾ?”

ಕಡಲೆಹಿಟ್ಟಿನಲ್ಲಿ ಕರಿದ ಬೊಂಡವನ್ನು ಕುಡಿಯುವುದೆಂತು? ಗಂಡಹೆಂಡಿರು ಮುಖಮುಖ ನೋಡಿಕೊಂಡರು. ಬಂದದ್ದು ಎಳನೀರು!

ಕುಚ್ಚಲಕ್ಕಿ ಗಂಜಿ ಆರು ತಿಂಗಳಲ್ಲಿ ಒಗ್ಗಿತು. ಬೆಳ್ತಂಗಡಿಗೆ ವರ್ಗವಾದಾಗ, ಬಟ್ಟೆಯನ್ನು ಒಣಗಗೊಡದ ಮಳೆಯೂ ಒಗ್ಗಿತು. ಒಗ್ಗದೆ ಉಳಿದದ್ದು ತುಳು. ಜಗಲಿಯ ಹೆಂಗಸರು ಆಕೆಯೊಡನೆ ಪುಸ್ತಕದಂಥ ಕನ್ನಡವನ್ನಾಡಿ, ಮರುಕ್ಷಣ ತಮ್ಮೊಳಗೆ ತುಳುವಿಗೆ ಹೊರಳುವರು. ಆಡಿಕೊಳ್ಳುವುದು ತನ್ನನ್ನೇ ಎಂದು ಆಕೆಗೆ ಶಂಕೆ. ಒಳಗೆ ಹೋಗಿ ಅತ್ತ ಸಂಜೆಗಳೂ ಉಂಟು. ಗಂಡನಿಗೆ ಅದು ತಿಳಿಯಲಿಲ್ಲ, ಗಂಡಸರಿಗೆ ಕಚೇರಿಯಿರುತ್ತದೆ.

ಮೂಡುಬಿದಿರೆಗೆ ಬಂದ ವರ್ಷ ಆಕೆ ಜ್ವರದಿಂದ ಮಲಗಿದಳು. ಕನ್ನಡ ಬಾರದ ನೆರೆಯ ಅಜ್ಜಿ ಗಂಜಿ ತಂದು, ಒಲ್ಲೆನೆಂದುದಕ್ಕೆ ತುಳುವಿನಲ್ಲೇ ಗದರಿದಳು. ಒಂದು ಪದವೂ ಅರ್ಥವಾಗಲಿಲ್ಲ. ಆಕೆ ಎದ್ದು ಕುಳಿತು ಬಟ್ಟಲು ಬರಿದು ಮಾಡಿದಳು. ಮುಂದೆ ಜಗಲಿಯಲ್ಲಿ ತುಳು ಕೇಳಿಸಿದರೆ ಆಕೆ ಒಳಗೆ ಹೋಗಲಿಲ್ಲ, ಅಲ್ಲಿಯೇ ಕುಳಿತು ಹೂ ಕಟ್ಟಿದಳು.

ಮೈಸೂರಿಗೆ ಮರಳಿದ ವಾರ, ದೇವರಾಜ ಮಾರುಕಟ್ಟೆಯಲ್ಲಿ ಆಕೆ ಕೇಳಿದಳು: “ಬಸಳೆ ಉಂಟಾ?”

ಸೊಪ್ಪಿನವನು ತಲೆಯೆತ್ತಿದ. “ಯಾವೂರು ತಾಯಿ, ನಿಮ್ದು?”