ಡಬ್ಬದೊಳಗಿನ ಸಾಲುಮರ

ಮಕ್ಕಳೇ, ಒಂದು ಬಿಳಿ ಡ್ರಾಯಿಂಗ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಚೆ ಇರುವ ಗಿಡ ಕಾಣುವುದಿಲ್ಲ. ಆದರೂ ಸ್ವಲ್ಪ ಬೆಳಕು ದಾಟಿ ಬರುತ್ತದೆ. ಅದರ ಮೇಲೆ ಇನ್ನೊಂದು ಹಾಳೆ ಇಡಿ. ಬೆಳಕು ಕಡಿಮೆಯಾಯಿತಲ್ಲವೇ? ಮೂರನೆಯದು, ನಾಲ್ಕನೆಯದು ಇಟ್ಟ ಹಾಗೆಲ್ಲ ಮತ್ತಷ್ಟು ಮಬ್ಬಾಗುತ್ತದೆ. ಗಾಜು ಪಾರದರ್ಶಕ, ರಟ್ಟು ಅಪಾರದರ್ಶಕ, ತೆಳು ಕಾಗದ ಅರೆಪಾರದರ್ಶಕ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಇಷ್ಟೇ ವಿಷಯವನ್ನು ಹಿಡಿದುಕೊಂಡು ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯವರು ಒಂದು ಉಡುಗೊರೆ ಮಾಡಿದರು. ಆ ಕಥೆ ಕೇಳಿ.

ಆ ಮಕ್ಕಳೆಲ್ಲ ಸಾಲುಮರದ ತಿಮ್ಮಕ್ಕನವರ ಅಭಿಮಾನಿಗಳು. ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್‌ನವರು. ಕೂಲಿ ಮಾಡಿ ಬದುಕುತ್ತಿದ್ದ ಈ ದಂಪತಿಗೆ ಮಕ್ಕಳಿರಲಿಲ್ಲ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದರು. ಮೊದಲ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20 ಸಸಿಗಳು. ಹೀಗೆ ಬೆಳೆಯುತ್ತಾ ಹೋದ ಸಾಲು 385 ಮರಗಳಿಗೆ ಮುಟ್ಟಿತು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಕೊಟ್ಟ ರಾಷ್ಟ್ರಪತಿಯವರ ತಲೆ ಮುಟ್ಟಿ ತಿಮ್ಮಕ್ಕ ಆಶೀರ್ವಾದ ಮಾಡಿದ ಚಿತ್ರ ಆ ಶಾಲೆಯ ಗೋಡೆಯ ಮೇಲಿದೆ.

“ಅಜ್ಜಿಗೆ ನಾವೇ ಏನಾದರೂ ಮಾಡಿ ಕಳಿಸೋಣ ಟೀಚರ್” ಎಂದು 2025ರ ನವೆಂಬರ್ ಮೊದಲ ವಾರ ಮಕ್ಕಳು ಕೇಳಿದರು. ಮಕ್ಕಳ ದಿನಾಚರಣೆಯೊಳಗೆ ಮುಗಿಸಬೇಕೆಂದು ಅವರೇ ಗಡುವು ಹಾಕಿಕೊಂಡರು. ಚಪ್ಪಲಿ ಡಬ್ಬದೊಳಗೆ ಕಾಗದದ ಸಾಲುಮರ ನಿಲ್ಲಿಸಿ, ಹಿಂದಿನಿಂದ ಬೆಳಕು ಕೊಡುವುದೆಂದು ತೀರ್ಮಾನವಾಯಿತು.

ಮೊದಲು ಒಬ್ಬ ಹುಡುಗ ಕಪ್ಪು ರಟ್ಟಿನಲ್ಲಿ ನಾಲ್ಕು ಪದರ ಕತ್ತರಿಸಿ ತಂದ. ದೀಪ ಹಾಕಿದರೆ ಎಲ್ಲ ಮರಗಳೂ ಒಂದೇ ಕಪ್ಪು ಮುದ್ದೆಯಾಗಿ ಕಂಡವು. ಯಾವುದು ಹತ್ತಿರ, ಯಾವುದು ದೂರ ತಿಳಿಯಲೇ ಇಲ್ಲ. ಕಪ್ಪು ರಟ್ಟು ಬೆಳಕನ್ನು ಪೂರ್ತಿ ತಡೆಯುತ್ತದೆ. ಒಂದು ಪದರವಾದರೂ ಅಷ್ಟೇ, ನಾಲ್ಕಾದರೂ ಅಷ್ಟೇ. ಆಗ ಅವರು ಕಿಟಕಿಯ ಬಳಿ ಹಾಳೆ ಹಿಡಿಯುವ ಪ್ರಯೋಗ ಮಾಡಿ, ಬಿಳಿ ಡ್ರಾಯಿಂಗ್ ಹಾಳೆಗೆ ಬದಲಾಯಿಸಿದರು. ಈಗ ಹಿಂದಿನ ಪದರದ ಮರಕ್ಕೆ ಒಂದೇ ಹಾಳೆಯ ತಡೆ, ಅದು ತಿಳಿಯಾಗಿ ಕಂಡಿತು. ಮುಂದಿನ ಪದರದ ಮರಕ್ಕೆ ನಾಲ್ಕು ಹಾಳೆ ದಾಟಿದ ಬೆಳಕು, ಅದು ಗಾಢವಾಗಿ ಕಂಡಿತು. ಹೊರಗೆ ಬಂದು ಬೆಟ್ಟಸಾಲು ನೋಡಿ. ಅಲ್ಲಿಯೂ ದೂರದ ಬೆಟ್ಟ ಮಸುಕು, ಹತ್ತಿರದ್ದು ಗಾಢ. ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುವುದರಿಂದ ಅಲ್ಲಿ ಹಾಗಾಗುತ್ತದೆ. ಕಾರಣ ಬೇರೆಯಾದರೂ ಕಣ್ಣಿಗೆ ಕಾಣುವ ಪರಿಣಾಮ ಒಂದೇ.

ಮುಂದಿನ ಪ್ರಶ್ನೆ ಎತ್ತರದ್ದು. ಮುಂದಿನ ಮರ 12 ಸೆಂ.ಮೀ. ಇದ್ದರೆ ಹಿಂದಿನವು ಎಷ್ಟಿರಬೇಕು? 12, 9, 6, 3 ಎಂದು ಒಬ್ಬಳು ಬರೆದಳು. ಸರಿಯೇ ಎಂದು ನೋಡಲು ಎಲ್ಲರೂ ಧ್ವಜಸ್ತಂಭದ ಕಡೆ ಹೊರಟೆವು. ಕೈ ನೀಡಿ ಸ್ಕೇಲ್ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದರು. 20 ಹೆಜ್ಜೆ ದೂರದಿಂದ ಸ್ತಂಭ 18 ಸೆಂ.ಮೀ. ಕಂಡಿತು. 40 ಹೆಜ್ಜೆಗೆ 9, 60 ಹೆಜ್ಜೆಗೆ 6. ದೂರ ಎರಡರಷ್ಟಾದರೆ ಎತ್ತರ ಅರ್ಧ, ಮೂರರಷ್ಟಾದರೆ ಮೂರನೇ ಒಂದು. ಹಾಗಾಗಿ ನಮ್ಮ ಮರಗಳು 12, 6, 4, 3 ಸೆಂ.ಮೀ. ಆದವು. ಪ್ರತಿ ಪದರದಲ್ಲೂ ಎರಡು ಬದಿಗೆ ಮರ, ಮೇಲೆ ಕೊಂಬೆಗಳ ಕಮಾನು, ನಡುವೆ ರಸ್ತೆಗೆ ಖಾಲಿ ಜಾಗ. ಪದರದಿಂದ ಪದರಕ್ಕೆ 2 ಸೆಂ.ಮೀ. ಅಂತರವಿರಲೆಂದು ರಟ್ಟಿನ ಪಟ್ಟಿ ಅಂಟಿಸಿದರು. ಕೊನೆಯ ಪದರದ ಬೆನ್ನಿಗೆ ಬೆಣ್ಣೆ ಕಾಗದ. ಅದು ಬೆಳಕನ್ನು ಎಲ್ಲ ಕಡೆಗೂ ಹರಡುತ್ತದೆ. ಇಲ್ಲದಿದ್ದರೆ ರಸ್ತೆಯ ತುದಿಯಲ್ಲಿ ದೀಪದ ಚುಕ್ಕೆಗಳೇ ಕಣ್ಣು ಕುಕ್ಕುತ್ತವೆ.

ದೀಪಕ್ಕೆ ಮೂರು ಬಿಳಿ ಎಲ್‌ಇಡಿ. ಒಂದು ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಒಂದು ಪೆನ್ಸಿಲ್ ಸೆಲ್ 1.5 ವೋಲ್ಟ್ ಕೊಡುತ್ತದೆ. ಎರಡನ್ನು ಒಂದರ ಹಿಂದೆ ಒಂದು ಜೋಡಿಸಿದರೆ 3 ವೋಲ್ಟ್ ಆಯಿತು. ಎಲ್‌ಇಡಿಗಳನ್ನು ಮಾತ್ರ ಸಮಾಂತರವಾಗಿ ಜೋಡಿಸಬೇಕು. ಅದರ ಉದ್ದನೆಯ ಕಾಲು ಧನ ಧ್ರುವಕ್ಕೆ ಸೇರಬೇಕು. ತಿರುಗಿಸಿ ಹಾಕಿದರೆ ಹತ್ತುವುದಿಲ್ಲ.

ನವೆಂಬರ್ 14ರಂದು ಡಬ್ಬ ಸಿದ್ಧವಾಗಿತ್ತು. ಅದೇ ದಿನ ತಿಮ್ಮಕ್ಕ ತೀರಿಕೊಂಡ ಸುದ್ದಿ ಬಂತು. ಅವರಿಗೆ 114 ವರ್ಷವಾಗಿತ್ತು. ಮಕ್ಕಳು ದೀಪ ಹಚ್ಚಿ, ಡಬ್ಬದ ಸುತ್ತ ಮಾತಿಲ್ಲದೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು, “ಇದನ್ನು ಇನ್ನು ಯಾರಿಗೆ ಕೊಡೋದು ಟೀಚರ್?” ಎಂದಳು. ನಾನು ಉತ್ತರ ಹೇಳಲಿಲ್ಲ. ಅದು ಅವರ ಉಡುಗೊರೆ, ಅವರೇ ಯೋಚಿಸಲಿ ಎಂದು ಬಿಟ್ಟೆ.

ಸೋಮವಾರ ಅವರು ಉತ್ತರ ತಂದಿದ್ದರು. ಶಾಲೆಯ ಸುತ್ತ ಇರುವ ಹೊಂಗೆ, ಬೇವಿನ ಮರಗಳಿಗೆ ಅವು ಸಸಿಯಾಗಿದ್ದಾಗಿನಿಂದ ನೀರು ಬಿಟ್ಟವರು ಊರಿನ ನೀರುಗಂಟಿ ತಾತ. ಯಾರೂ ಅವರಿಗೆ ಹಾರ ಹಾಕಿದ್ದಿಲ್ಲ. ಮಕ್ಕಳು ತಾತನನ್ನು ಕರೆದು, ಕೋಣೆ ಕತ್ತಲೆ ಮಾಡಿ ದೀಪ ಹಾಕಿದರು. ತಾತ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಚೆನ್ನಾಗೈತವ್ವ. ಆದ್ರೆ ಬೇಲಿ ಎಲ್ಲಿ? ಬೇಲಿ ಇಲ್ದಿದ್ರೆ ಮೇಕೆ ಒಂದೇ ದಿನಕ್ಕೆ ತಿಂದಾಕ್ತವೆ.”

ನಿಜ. ತಿಮ್ಮಕ್ಕ, ಚಿಕ್ಕಯ್ಯ ಕೂಡ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿ ದನಕರುಗಳಿಂದ ಕಾಪಾಡಿದ್ದರು. ನೆಡುವುದು ಒಂದು ದಿನದ ಕೆಲಸ, ಕಾಯುವುದು ವರ್ಷಗಟ್ಟಲೆಯ ಕೆಲಸ. ಮಕ್ಕಳು ಎಲ್ಲಕ್ಕಿಂತ ಮುಂದೆ ಐದನೆಯ ಪದರ ಸೇರಿಸಿದರು. ಅದರ ಕೆಳಭಾಗದಲ್ಲಿ ಮಾತ್ರ ಮುಳ್ಳುಬೇಲಿ. ಆಗ ಮರಗಳ ಬುಡ ತೀರಾ ಕತ್ತಲಾಯಿತು. ಡಬ್ಬದ ಒಳಗೋಡೆಯ ಕಂದು ರಟ್ಟು ಬೆಳಕನ್ನು ಹೀರುತ್ತಿದೆ ಎಂದು ಅವರೇ ಕಂಡುಹಿಡಿದು, ಅಲ್ಲಿ ಬಿಳಿ ಕಾಗದ ಅಂಟಿಸಿದರು. ಪ್ರತಿಫಲಿಸಿದ ಬೆಳಕಿನಲ್ಲಿ ಬೇಲಿಯ ಒಂದೊಂದು ಮುಳ್ಳೂ ಎದ್ದು ಕಂಡಿತು. ಡಬ್ಬ ಈಗ ತಾತನ ಮನೆಯಲ್ಲಿದೆ. ಸೆಲ್ ಮುಗಿದಾಗ ಬದಲಾಯಿಸುವ ಸರದಿ ಆರನೇ ತರಗತಿಯವರದು.

ನೀವೂ ಮಾಡಿ ನೋಡಿ. ಬ್ಲೇಡ್ ಬಳಸುವಾಗ ದೊಡ್ಡವರು ಜೊತೆಗಿರಲಿ. ಮನೆಯ ಕರೆಂಟಾಗಲಿ ಮೇಣದ ಬತ್ತಿಯಾಗಲಿ ಬೇಡ. ಗುಂಡಿಯಂಥ ಚಿಕ್ಕ ಸೆಲ್ಲನ್ನೂ ಬಳಸಬೇಡಿ, ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ಸಣ್ಣ ಪ್ರಯೋಗ. ಡ್ರಾಯಿಂಗ್ ಹಾಳೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಬೆಳಕಿಗೆ ಹಿಡಿಯಿರಿ. ಎಣ್ಣೆ ಬಿದ್ದ ಜಾಗ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಕಾಗದದ ನಾರುಗಳ ನಡುವೆ ಗಾಳಿ ಇರುತ್ತದೆ, ಬೆಳಕು ಅಲ್ಲಿ ಚದುರುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿದಾಗ ಚದುರುವುದು ಕಡಿಮೆಯಾಗಿ ಹೆಚ್ಚು ಬೆಳಕು ದಾಟುತ್ತದೆ. ಹಾಗಾದರೆ ನಿಮ್ಮ ಡಬ್ಬದಲ್ಲಿ ಹುಣ್ಣಿಮೆಯ ಚಂದ್ರನನ್ನು ಹೇಗೆ ತೋರಿಸುತ್ತೀರಿ? ಡಬ್ಬವನ್ನು ಯಾರಿಗೆ ಕೊಡುತ್ತೀರಿ? ಎರಡಕ್ಕೂ ಉತ್ತರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.