ಒಂದು, ಐದು, ಮೂರು, ಆರು, ಎರಡು, ನಾಲ್ಕು

ಮೇಲಿನ ಅಂಕೆಗಳನ್ನು ಕಂಡು ನಮ್ಮ ಕಿರಿಯ ವಾಚಕರು ನಗಬಹುದು. ಮಕ್ಕಳಿಗೆ ಎಣಿಕೆ ಕಲಿಸುವ ಉಪಾಧ್ಯಾಯನೇ ಹೀಗೆ ಬರೆಯುವುದುಂಟೆ ಎಂದು ಸಹೋದ್ಯೋಗಿ ಮಿತ್ರರು ಹುಬ್ಬೇರಿಸಲೂಬಹುದು. ಆದರೆ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳನ್ನು ನಿಲ್ಲಿಸಿ ಕಟ್ಟಿದ ಹಳೆಯ ಮೋಟಾರು ಎಂಜಿನುಗಳಲ್ಲಿ ಬಹುಪಾಲು ಈ ಕ್ರಮದಲ್ಲಿಯೇ ಉರಿಯುತ್ತವೆ. ಮೊದಲನೆಯದು ಉರಿದ ಬಳಿಕ ಐದನೆಯದು, ಅನಂತರ ಮೂರನೆಯದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದರ ಬೆನ್ನಿಗೊಂದು ಎಂದೂ ಉರಿಯುವುದಿಲ್ಲವೆಂಬುದನ್ನು ವಾಚಕರು ಎಣಿಸಿ ನೋಡಬಹುದು. ಬಲವು ಒಂದೇ ಎಡೆಯಲ್ಲಿ ಬೀಳದೆ ಉದ್ದನೆಯ ಕ್ರ್ಯಾಂಕು ದಂಡದ ಮೇಲೆ ಹಂಚಿಹೋಗಲೆಂದು ಹಿಂದಿನವರು ಮಾಡಿದ ಏರ್ಪಾಡು ಇದು.

ಪ್ರತಿ ಸಿಲಿಂಡರಿಗೂ ನಾಲ್ಕು ಕೆಲಸಗಳುಂಟು: ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು, ಒತ್ತುವುದು, ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರಹಾಕುವುದು. ಇವು ನಾಲ್ಕೂ ಮುಗಿಯುವಷ್ಟರಲ್ಲಿ ಕ್ರ್ಯಾಂಕು ದಂಡವು ಎರಡು ಸುತ್ತು, ಎಂದರೆ 720 ಅಂಶ ತಿರುಗಿರುತ್ತದೆ. ಉರಿದು ತಳ್ಳುವ ಕೆಲಸಕ್ಕೆ ಸಲ್ಲುವುದು ಅರ್ಧ ಸುತ್ತು ಮಾತ್ರ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಒಂದರ ತಳ್ಳು ಮುಗಿದ ಮೇಲೆಯೇ ಇನ್ನೊಂದರದು ಮೊದಲಾಗುತ್ತದೆ. ಆರು ಸಿಲಿಂಡರುಗಳಿದ್ದರೆ 120 ಅಂಶಕ್ಕೊಮ್ಮೆ ಒಂದು ಉರಿಯುವುದರಿಂದ, ಮೊದಲಿನವನು ಕೈಬಿಡುವ ಮುನ್ನವೇ ಮುಂದಿನವನು ಹೆಗಲು ಕೊಟ್ಟಿರುತ್ತಾನೆ. ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು ಜೊತೆಜೊತೆಯಾಗಿ ಏರಿಳಿಯುವುದರಿಂದ ಒಂದರ ಅಲುಗಾಟವನ್ನು ಇನ್ನೊಂದು ತಡೆದುಕೊಳ್ಳುತ್ತದೆ. ಈ ಎಂಜಿನುಗಳ ಹೆಸರಾಂತ ನುಣುಪಿನ ಗುಟ್ಟು ಇದೇ.

ನೆದರ್ಲೆಂಡಿನ ಸ್ಪೈಕರ್ ಸಂಸ್ಥೆ 1903ರಲ್ಲಿ ಆರು ಸಿಲಿಂಡರಿನ ಪಂದ್ಯದ ಕಾರೊಂದನ್ನು ಕಟ್ಟಿತು. ಮರುವರ್ಷ ಇಂಗ್ಲೆಂಡಿನ ನೇಪಿಯರ್ ಇಂಥ ಕಾರನ್ನು ಮಾರಾಟಕ್ಕೆ ತಂದಿತು. ಆಮೇಲೆ ರೋಲ್ಸ್ ರಾಯ್ಸ್ ತನ್ನ ‘ಸಿಲ್ವರ್ ಘೋಸ್ಟ್’ನಿಂದ ಈ ಎಂಜಿನಿಗೆ ರಾಜಮರ್ಯಾದೆ ತಂದುಕೊಟ್ಟಿತು. ಅರಮನೆಯಿಂದ ಬೀದಿಗೆ ಇದನ್ನು ಇಳಿಸಿದ್ದು ಅಮೆರಿಕದ ಷೆವ್ರೊಲೆ. 1929ರಲ್ಲಿ ಅದು ಅಗ್ಗದ ಕಾರಿಗೂ ಆರು ಸಿಲಿಂಡರು ಕೊಟ್ಟಿತು. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯ ಸೇವ್ರಿಯಲ್ಲಿ ಷೆವ್ರೊಲೆ ಗಾಡಿಗಳನ್ನು ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಕಾಲದಿಂದ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಡಾಜ್, ಪ್ಲಿಮತ್ ಕಾರುಗಳು ಸಿದ್ಧವಾದವು.

ನಮ್ಮ ಸೀಮೆಗೂ ಮೋಟಾರಿಗೂ ಇರುವ ನಂಟು ಇನ್ನೂ ಹಳೆಯದು. ಕೊಯಮತ್ತೂರಿನ ಬಳಿಯ ಕಲಂಗಲ್ ಗ್ರಾಮದಲ್ಲಿ 1893ರಲ್ಲಿ ಹುಟ್ಟಿದ ಜಿ. ಡಿ. ನಾಯ್ಡು ಅವರು ಶಾಲೆಯನ್ನು ಬೇಗನೆ ಬಿಟ್ಟವರು. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ, ಮೋಟಾರು ಸೈಕಲ್ಲೊಂದನ್ನು ಕೊಂಡು, ಬಿಚ್ಚಿ ಮರಳಿ ಜೋಡಿಸಿ ಯಂತ್ರವಿದ್ಯೆ ಕಲಿತರೆಂದು ಅವರ ಚರಿತ್ರೆ ಹೇಳುತ್ತದೆ. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಅವರು ಒಂದೇ ಒಂದು ಬಸ್ಸನ್ನು ಓಡಿಸತೊಡಗಿದರು. ಅದೇ ಬೆಳೆದು ದೊಡ್ಡ ಮೋಟಾರು ಸಂಸ್ಥೆಯಾಯಿತು. ಅವರ ಹೆಸರಿನ ಧರ್ಮಸಂಸ್ಥೆಯವರು ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ತೆರೆದ ಜೀಡೀ ಕಾರು ಸಂಗ್ರಹಾಲಯವನ್ನು ನಮ್ಮ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು.

ಆದರೆ ಸಂಗ್ರಹಾಲಯದಲ್ಲಿ ಎಂಜಿನು ಮಾತನಾಡುವುದಿಲ್ಲ. ಅದರ ಮಾತನ್ನು ನಾನು ಕೇಳಿದ್ದು ಉಡುಮಲಪೇಟೆಯ ಒಂದು ಹಳೆಯ ಮೋಟಾರು ಷೆಡ್ಡಿನಲ್ಲಿ. ಅಲ್ಲಿಯ ಮೇಸ್ತ್ರಿಗಳು ಎಪ್ಪತ್ತು ದಾಟಿದವರು. ದೇವಾಂಗ ನೇಕಾರರ ಮನೆಯವರಾದ್ದರಿಂದ ಮನೆಮಾತು ಕನ್ನಡ. ಬೀದಿಯಲ್ಲಿ ತಮಿಳಾಡುವ ಅವರು ಎಂಜಿನನ್ನು ಗದರಿಸುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಮಗ್ಗದ ಸದ್ದು ಕೇಳುತ್ತ ಬೆಳೆದವರು. ಲಾಳಿ ತಪ್ಪಿದ್ದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆಂಬುದು ಅವರ ಮಾತು.

ಹೋದ ಬೇಸಿಗೆಯ ರಜೆಯಲ್ಲಿ ತೆಂಗಿನ ತೋಟದ ಗೌಂಡರೊಬ್ಬರು ತಮ್ಮ ತಂದೆಯ ಕಾಲದ ಡಾಜ್ ಕಾರನ್ನು ಅಲ್ಲಿಗೆ ಎಳೆಸಿಕೊಂಡು ಬಂದರು. ಮೂರು ಸಲ ಬೇರೆ ಕಡೆ ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ್ದರೂ ಅದು ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಬೇಸತ್ತ ಗೌಂಡರು, “ಇದನ್ನು ಗುಜರಿಗೆ ಹಾಕಿ ಒಂದು ಡೀಸೆಲ್ ಎಂಜಿನ್ ಕೂರಿಸಿಬಿಡಿ ಮೇಸ್ತ್ರಿ” ಎಂದರು. ನಮ್ಮ ನಾಡಿನ ಎಷ್ಟೋ ಹಳೆಯ ಕಾರುಗಳ ಗತಿ ಹೀಗೆಯೇ ಆಗಿದೆ. ಮೇಸ್ತ್ರಿಗಳು ಒಂದು ತಿಂಗಳ ಗಡುವು ಕೇಳಿದರು.

ಎಂಜಿನನ್ನು ಹೇಗೋ ಚಾಲೂ ಮಾಡಿ, ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸುತ್ತ ಹೋದರು. ಮೊದಲ ನಾಲ್ಕರಲ್ಲಿ ಪ್ರತಿ ಸಲವೂ ಎಂಜಿನು ಮುಗ್ಗರಿಸಿತು. ಐದನೆಯದನ್ನು ತಪ್ಪಿಸಿದಾಗ ಸದ್ದು ಬದಲಾಗಲಿಲ್ಲ, ಆರನೆಯದರಲ್ಲಿಯೂ ಇಲ್ಲ. ನೆರೆಹೊರೆಯ ಎರಡು ಸಿಲಿಂಡರುಗಳು ಒಟ್ಟಿಗೆ ಸತ್ತಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿದೆಯೆಂದೇ ಮೊದಲು ಶಂಕಿಸಬೇಕು. ಹೆಡ್ಡನ್ನು ಬಿಚ್ಚಿ ಅದರ ಮೇಲೆ ಉಕ್ಕಿನ ನೇರಪಟ್ಟಿಯಿಟ್ಟು ಫೀಲರ್ ಗೇಜಿನ ತೆಳುತಗಡನ್ನು ತೂರಿಸಿದಾಗ ಹಿಂತುದಿ ಬಾಗಿದ್ದು ತಿಳಿಯಿತು. ಅದೇಕೆ ಬಾಗಿತು? ಹೆಚ್ಚು ಕಾದದ್ದರಿಂದ. ಹಿಂದಿನ ಭಾಗ ಮಾತ್ರ ಏಕೆ ಕಾಯಿತು? ಈ ಜಾತಿಯ ಎಂಜಿನಿನಲ್ಲಿ ನೀರಿನ ಪಂಪಿನ ಹಿಂದೆ ಉದ್ದನೆಯ ತಗಡಿನ ಕೊಳವೆಯೊಂದು ಅಡಗಿದೆ. ಹಿಂದಿನ ಸಿಲಿಂಡರುಗಳ ತನಕ ತಣ್ಣೀರನ್ನು ಒಯ್ಯುವುದು ಅದರ ಕೆಲಸ. ಹೊರಗೆಳೆದಾಗ ಅದು ತುಕ್ಕು ತಿಂದು ಚೂರುಚೂರಾಗಿ ಬಂತು.

“ಮೂರು ಸಲ ಗ್ಯಾಸ್ಕೆಟ್ ಹಾಕಿದವರು ಒಂದು ಸಲವೂ ಏಕೆ ಅಂತ ಕೇಳಲಿಲ್ಲ ನೋಡಿ ಮೇಷ್ಟ್ರೇ” ಎಂದರು ಮೇಸ್ತ್ರಿಗಳು.

ಹಿತ್ತಾಳೆಯ ತಗಡಿನಿಂದ ಅವರೇ ಹೊಸ ಕೊಳವೆ ಮಾಡಿದರು. ಹೆಡ್ಡು ಕೊಯಮತ್ತೂರಿಗೆ ಹೋಗಿ, ಗ್ರೈಂಡಿಂಗ್ ಯಂತ್ರದಲ್ಲಿ ಸಮತಟ್ಟಾಗಿ ಮರಳಿತು. ಪಂಪುಸೆಟ್ಟು, ಅಚ್ಚೆರಕ, ಲೇತುಗಳ ಊರಾದ್ದರಿಂದ ಅದಕ್ಕೆ ತೊಡಕಾಗಲಿಲ್ಲ. ಹೊಸ ಗ್ಯಾಸ್ಕೆಟ್ಟನ್ನು ಕೂರಿಸಿ, ನಟ್ಟುಗಳನ್ನು ನಡುವಿನಿಂದ ಅಂಚಿನತ್ತ ಸ್ವಲ್ಪಸ್ವಲ್ಪವಾಗಿ ಬಿಗಿದರು. ಎಂಜಿನು ಕಾದು ಆರಿದ ಮೇಲೆ ಇನ್ನೊಮ್ಮೆ ಬಿಗಿದರು. ಕಡೆಗೆ ಓಡುತ್ತಿರುವ ಎಂಜಿನಿನ ಮೇಲೆ ತುಂಬಿದ ನೀರಿನ ಲೋಟವನ್ನು ಇಟ್ಟರು. ನೀರಿನ ಮೇಲ್ಮೈ ಸಣ್ಣಗೆ ನಡುಗಿತು. ಒಂದು ಹನಿಯೂ ಚೆಲ್ಲಲಿಲ್ಲ. ಗೌಂಡರು ಆಮೇಲೆ ಡೀಸೆಲಿನ ಮಾತೆತ್ತಲಿಲ್ಲ.

ಐವತ್ತು ವರ್ಷ ಮೀರಿ, ಮೂಲರೂಪದಲ್ಲಿಯೇ ಉಳಿದ ವಾಹನಗಳನ್ನು ಪ್ರತ್ಯೇಕವಾಗಿ ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಪ್ರದರ್ಶನಕ್ಕೆ, ಸಂಶೋಧನೆಗೆ, ದುರಸ್ತಿಗೆ ಅವು ರಸ್ತೆಗಿಳಿಯಬಹುದು. ಗಾಡಿಗಳಿಗೆ ಹೀಗೆ ರಕ್ಷಣೆ ದೊರೆಯಿತು. ಅವುಗಳನ್ನು ಬಲ್ಲ ಕೈಗಳಿಗೆ ಇನ್ನೂ ದೊರೆತಿಲ್ಲ. ಮೇಸ್ತ್ರಿಗಳ ಮೊಮ್ಮಗ ತಿರುಪ್ಪೂರಿನ ಬನಿಯನ್ ಕಂಪೆನಿಗೆ ಹೋಗುತ್ತಾನೆ; ಅಲ್ಲಿ ತಿಂಗಳಿಗೆ ತಪ್ಪದೆ ಸಂಬಳವುಂಟು. ಅವನನ್ನು ದೂರುವುದು ನ್ಯಾಯವಲ್ಲ. ಷೆಡ್ಡಿನಲ್ಲಿ ಕಲಿಯುವ ಹುಡುಗರು ಈಗ ಯಾರೂ ಇಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಸಂಗ್ರಹಾಲಯಕ್ಕೆ ಕರೆದೊಯ್ಯುವ ದಿನವೇ ಇಂಥ ಷೆಡ್ಡೊಂದಕ್ಕೂ ಕರೆದೊಯ್ಯೋಣ. ಎಲ್ಲರೂ ಮೇಸ್ತ್ರಿಗಳಾಗಬೇಕಾಗಿಲ್ಲ. ಕೆಟ್ಟದ್ದನ್ನು ಎಸೆಯುವ ಮುನ್ನ ಬಿಚ್ಚಿ ನೋಡಬಹುದು, ಒಂದು ‘ಏಕೆ’ಯ ಹಿಂದೆ ಇನ್ನೊಂದು ‘ಏಕೆ’ ಇರುತ್ತದೆ ಎಂಬಷ್ಟನ್ನು ಅವರು ಕಣ್ಣಾರೆ ಕಂಡು ಬರಲಿ. ಮೇಸ್ತ್ರಿಗಳಿಗೆ ಮಾತಾಡುವ ಉತ್ಸಾಹ ಇನ್ನೂ ಇದೆ. ಭಾನುವಾರ ಷೆಡ್ಡು ತೆರೆದಿರುತ್ತದೆ.